ಉಪ್ಪಿನಕಾಯಿ ಶೀಶೆಯ ಕಾಲರಾ

ಆಗದ ಮಾತು ಅಂತ ನನಗೆ ಮೊದಲು ಹೇಳಿದವರು ನಮ್ಮ ದೊಡ್ಡಪ್ಪ. ಕೊನೆಗೆ ಹೇಳಿದವರು ಡಾ. ಗೋಪಿನಾಥ್. ದೊಡ್ಡಪ್ಪ ಹೇಳಿದ್ದು ನನ್ನ ಓದಿನ ಬಗ್ಗೆ: "ನಮ್ಮ ಪೈಕಿ ಹೆಣ್ಮಗಳು ಬಿ.ಎಸ್ಸಿ. ಮಾಡೋದಾ? ಆಗದ ಮಾತು ಬುಡು." ಗೋಪಿನಾಥ್ ಸರ್ ಹೇಳಿದ್ದು ಕಾಲರಾ ಬಗ್ಗೆ: "ಒಂದೇ ಬೇಸಿಗೇಲಿ, ಒಂದೇ ಬೀದೀಲಿ ರೋಗಾಣು ವೇಷ ಬದಲಾಯಿಸೋದಾ? ಆಗದ ಮಾತು ಪುಟ್ಟತಾಯಮ್ಮನವರೇ." ಎರಡೂ ಆಯಿತು. ಮೊದಲನೆಯದನ್ನು ನಾನು ಮಾಡಿದೆ. ಎರಡನೆಯದನ್ನು ರೋಗಾಣು ತನ್ನ ಪಾಡಿಗೆ ತಾನು ಮಾಡಿಕೊಂಡಿತ್ತು, ನಾನು ತೋರಿಸಿಕೊಟ್ಟೆ.

ಮೈಸೂರಿನ ಒಂದು ಸರ್ಕಾರಿ ಪ್ರಯೋಗಾಲಯದಲ್ಲಿ, ಸೂಕ್ಷ್ಮಜೀವಿ ವಿಭಾಗದಲ್ಲಿ, ನೌಕರಿಯ ವಯಸ್ಸು ಪೂರ್ತಿ ಕಳೆದು ನಿವೃತ್ತಳಾದೆ. ಈಗ ಹೊಸದಾಗಿ ಸೇರಿದ ಹುಡುಗ ಹುಡುಗಿಯರು ಅಶೋಕಪುರಂನ ನಮ್ಮ ಮನೆಗೆ ಬಂದು, "ಮೇಡಂ, ಕೆಲಸ ನಿಜವಾಗ್ಲೂ ಹೆಂಗಿರುತ್ತೆ?" ಅಂತ ಕೇಳುತ್ತಾರೆ. ಬಡ್ತಿ ಯಾವಾಗ ಬಂತು, ಯಾರು ತಡೆದರು, ಆ ಕಥೆ ಎಲ್ಲ ಆಫೀಸಿನಲ್ಲೂ ಒಂದೇ ಥರ ಇರುತ್ತದೆ, ಅದನ್ನು ಬರೆಯುವುದಿಲ್ಲ. ಕೆಲಸ ಹೇಗಿತ್ತು ಅನ್ನುವುದನ್ನು ಬರೆಯುತ್ತೇನೆ.

ಅಪ್ಪ ರೈಲ್ವೆ ವರ್ಕ್‌ಶಾಪಿನಲ್ಲಿ ಖಲಾಸಿ. ಅವ್ವ ಚಾಮರಾಜಪುರಂನ ಮನೆಗಳಲ್ಲಿ ಪಾತ್ರೆ ತೊಳೆದು ಬಟ್ಟೆ ಒಗೆಯುತ್ತಿದ್ದಳು. ಒಂದು ಮನೆಯ ಒಡತಿ ನನಗೆ ಹಳೆಯ ಪುಸ್ತಕ ಕೊಡುತ್ತಿದ್ದರು, ಜ್ವರ ಬಂದರೆ ಮಾತ್ರೆ ಕೊಡುತ್ತಿದ್ದರು, ಒಳ್ಳೆಯವರೇ. ಆದರೆ ಅವ್ವ ನೀರು ಕೇಳಿದರೆ ಚೊಂಬನ್ನು ಎತ್ತರಕ್ಕೆ ಹಿಡಿದು ಅವಳ ಬೊಗಸೆಗೆ ಸುರಿಯುತ್ತಿದ್ದರು. ಅವ್ವ ಬಗ್ಗಿ ಕುಡಿಯುತ್ತಿದ್ದಳು, ಮೊಣಕೈಯಿಂದ ನೀರು ಸೋರುತ್ತಿತ್ತು. ಸೆರಗು ಹಿಡಿದು ಪಕ್ಕದಲ್ಲಿ ನಿಂತು ನೋಡಿದವಳು ನಾನು. ಇದನ್ನು ಇಲ್ಲಿ ಹೇಳುವುದಕ್ಕೆ ಕಾರಣ ಇದೆ, ಮುಂದೆ ಗೊತ್ತಾಗುತ್ತದೆ.

ಪುಸ್ತಕ ಕೊಳ್ಳುವ ಶಕ್ತಿ ಇರಲಿಲ್ಲ. ಗೆಳತಿಯರ ನೋಟ್ಸ್ ತಂದು ಕೈಯಲ್ಲಿ ನಕಲು ಮಾಡಿಕೊಂಡೇ ಬಿ.ಎಸ್ಸಿ., ಎಂ.ಎಸ್ಸಿ. ಎರಡನ್ನೂ ಮುಗಿಸಿದೆ. ಪದವಿ ಪತ್ರ ಬಂದ ದಿನ ಅದನ್ನು ಬೀದಿಯೆಲ್ಲ ತೋರಿಸಿಕೊಂಡು ಬಂದವರು ಯಾರು ಅಂದರೆ ದೊಡ್ಡಪ್ಪನೇ. ಅವರ ಎಣ್ಣೆಗೈಯ ಹೆಬ್ಬೆಟ್ಟಿನ ಗುರುತು ಇಂದಿಗೂ ಅದರ ಮೂಲೆಯಲ್ಲಿದೆ. ಕಟ್ಟು ಹಾಕಿಸುವಾಗ ಅಂಗಡಿಯವನು, "ಮೇಡಂ, ಈ ಕಲೆ ತೆಗೆದುಬಿಡ್ಲಾ?" ಅಂದ. ಬೇಡ ಅಂದೆ.

ಪ್ರಯೋಗಾಲಯಕ್ಕೆ ಸೇರಿದ ದಿನ ನನ್ನನ್ನು ಎದುರುಗೊಂಡವರು ಫ್ರಾನ್ಸಿಸ್ ಅಣ್ಣ. ಬನ್ನಿಮಂಟಪದ ಕಡೆಯವರು, ಹಿರಿಯ ಟೆಕ್ನಿಷಿಯನ್, ಭಾನುವಾರ ಚರ್ಚಿನಲ್ಲಿ ಹಾಡುವ ಗಂಟಲಲ್ಲೇ ಸೋಮವಾರ ನಮ್ಮನ್ನು ಬೈಯುತ್ತಿದ್ದರು.

"ಮೂಗು ಮುಚ್ಕೊಳ್ಳೋ ಆಸೆ ಇದ್ರೆ ಈಗ್ಲೇ ಹೇಳ್ಬುಡಮ್ಮ, ಬ್ಯಾಂಕ್ ಪರೀಕ್ಷೆಗೆ ಕಟ್ಟುವಂತೆ."

"ಇಲ್ಲಣ್ಣ."

"ಅಂಗಾರೆ ತಗೋ," ಅಂತ ಒಂದು ಡಬ್ಬಿ ಕೊಟ್ಟರು. ಕಾಲರಾ ರೋಗಿಯ ಭೇದಿ. ಅಕ್ಕಚ್ಚಿನ ಹಾಗೆ ತೆಳ್ಳಗೆ, ಬೆಳ್ಳಗೆ. ದುರ್ವಾಸನೆ ಇರುತ್ತದೆ ಅಂದುಕೊಂಡಿದ್ದೆ, ಇರಲಿಲ್ಲ. ಒಂದು ಥರ ಹಸಿ ಮೀನಿನ ವಾಸನೆ. "ಇದೇ ಭಯ ಪಡಬೇಕಾದ್ದು. ಮನುಷ್ಯನ ಮೈಯಲ್ಲಿರೋ ನೀರೇ ಹಿಂಗೆ ಹೊರಟ್ಹೋಗೋದು," ಅಂದರು.

ಆ ಭೇದಿಯನ್ನು, ರೋಗಾಣು ಬೆಳೆಸಲು ತಟ್ಟೆಯಲ್ಲಿ ಹುಯ್ದ ಹಸಿರು ಬಣ್ಣದ ಒಂದು ಮಾಧ್ಯಮದ ಮೇಲೆ ಗೀರಿ ಬೆಚ್ಚಗೆ ಇಟ್ಟರೆ ಮಾರನೆಯ ದಿನ ಕಾಲರಾ ರೋಗಾಣುಗಳು ಹಳದಿ ಚುಕ್ಕೆಗಳಾಗಿ ಎದ್ದಿರುತ್ತವೆ. ಆ ಹಸಿರು ಮಾಧ್ಯಮವನ್ನು ಕುದಿಸಬೇಕು ಅಷ್ಟೆ. ಆಟೋಕ್ಲೇವ್ ಅನ್ನುವ ದೊಡ್ಡ ಕುಕ್ಕರಿನಲ್ಲಿಟ್ಟು ಒತ್ತಡದಲ್ಲಿ ಬೇಯಿಸಿದರೆ ಕೆಟ್ಟುಹೋಗುತ್ತದೆ. ನನ್ನ ಮೊದಲ ಮೇಲಧಿಕಾರಿಗೆ ಶುಚಿತ್ವದ ಹುಚ್ಚು. ಲ್ಯಾಬಿನಲ್ಲಿ ತಯಾರಾಗುವ ಪ್ರತಿಯೊಂದನ್ನೂ ಆಟೋಕ್ಲೇವ್ ಮಾಡತಕ್ಕದ್ದು ಅಂತ ಗೋಡೆಗೆ ಆದೇಶ ಅಂಟಿಸಿದರು. ಇದು ಬೇಡ ಸಾರ್ ಅಂತ ಫ್ರಾನ್ಸಿಸ್ ಅಣ್ಣ ಬಾಯಲ್ಲಿ ಹೇಳಿದರು, ಕೇಳಲಿಲ್ಲ. ಸರಿ, ಒಂದು ಬ್ಯಾಚನ್ನು ಶ್ರದ್ಧೆಯಿಂದ ಬೇಯಿಸಿದರು. ಹಸಿರು ಹೋಗಿ ಗೊಜ್ಜಿನ ಬಣ್ಣ ಬಂತು.

"ಏನ್ರೀ ಫ್ರಾನ್ಸಿಸ್ ಇದು?"

"ತಮ್ಮ ಆರ್ಡರು ಸಾರ್. ಚೆನ್ನಾಗಿ ಬೆಂದಿದೆ. ಒಗ್ಗರಣೆ ಹಾಕ್ಲಾ?"

ಆದೇಶ ಆ ಸಂಜೆಯೇ ಗೋಡೆಯಿಂದ ಇಳಿಯಿತು. ಮೇಲಧಿಕಾರಿಗಳು ತಪ್ಪು ಮಾಡುತ್ತಾರೆ, ಅದು ದೊಡ್ಡ ವಿಷಯ ಅಲ್ಲ. ಕಾಗದ ಕಿತ್ತು ಹಾಕುವ ಮೇಲಧಿಕಾರಿ ಸಿಕ್ಕರೆ ಪುಣ್ಯ ಅಂದುಕೊಳ್ಳಿ. ನನಗೆ ಅಂಥವರು ಇಬ್ಬರು ಸಿಕ್ಕರು. ಎರಡನೆಯವರು ಗೋಪಿನಾಥ್ ಸರ್.

ಆಗಿನ ಪದ್ಧತಿ ಏನೆಂದರೆ, ತಟ್ಟೆಯಲ್ಲಿ ನೂರಾರು ಚುಕ್ಕೆ ಎದ್ದರೂ ಒಂದನ್ನು ಆರಿಸುವುದು. ದುಂಡಗೆ, ಹೊಳೆಯುತ್ತಾ, ಪಕ್ಕದ್ದಕ್ಕೆ ತಾಗದೆ ಒಂಟಿಯಾಗಿ ನಿಂತಿರುವ ಚುಕ್ಕೆ. "ಹೆಣ್ಣು ನೋಡೋಕೆ ಹೋದಂಗೆ ನೋಡ್ತೀರಲ್ಲ!" ಅಂತ ನಾನು ಫ್ರಾನ್ಸಿಸ್ ಅಣ್ಣನನ್ನು ನೋಡಿ ನಗುತ್ತಿದ್ದೆ. "ಮತ್ತೇನಮ್ಮ, ಮೂಗು ಮುರಿದಿರೋದನ್ನ ಸಾಹೇಬ್ರ ಮುಂದೆ ಇಡೋಕಾಗ್ತದಾ?" ಅನ್ನುತ್ತಿದ್ದರು. ಆ ಒಂದರ ಮೇಲೆ ಎಲ್ಲ ಪರೀಕ್ಷೆ. ಉಳಿದ ತಟ್ಟೆ ಅಂದೇ ಆಟೋಕ್ಲೇವಿಗೆ, ಅಲ್ಲಿಂದ ಕಸಕ್ಕೆ. ರೋಗಿಯೊಬ್ಬನ ಹೊಟ್ಟೆಯಲ್ಲಿ ಇರುವುದೆಲ್ಲ ಒಂದೇ ರೋಗಾಣು, ಒಂದನ್ನು ನೋಡಿದರೆ ಎಲ್ಲವನ್ನೂ ನೋಡಿದ ಹಾಗೆ ಅನ್ನುವ ನಂಬಿಕೆ. ಇಡೀ ಲ್ಯಾಬು ಹಾಗೇ ನಂಬಿತ್ತು, ನಾನೂ ನಂಬಿದ್ದೆ.

ಒಂದು ಸಲ ಹಾಸ್ಟೆಲಿನ ಒಬ್ಬ ವಿದ್ಯಾರ್ಥಿ ಕಾಲರಾ ಅಂತ ಆಸ್ಪತ್ರೆಗೆ ಸೇರಿದ. ನಾವು ಆರಿಸಿದ ಸುಂದರವಾದ ಚುಕ್ಕೆ, ಇಂಥ ಔಷಧಿಗೆ ಸಾಯುತ್ತೇನೆ ಅಂತ ಹೇಳಿತು. ಡಾಕ್ಟರು ಅದನ್ನೇ ಕೊಟ್ಟರು. ಭೇದಿ ನಿಲ್ಲಲಿಲ್ಲ. ಮತ್ತೆ ತರಿಸಿ ನೋಡಿದರೆ ಈಗ ಎದ್ದ ಚುಕ್ಕೆಗಳು ಆ ಔಷಧಿಗೆ ಜಪ್ಪಯ್ಯ ಅನ್ನುತ್ತಿಲ್ಲ. ಮೊದಲ ದಿನವೇ ಇವು ಅಲ್ಲಿದ್ದವೋ, ಆಮೇಲೆ ಹುಟ್ಟಿದವೋ? ನೋಡೋಣ ಅಂದರೆ ಮೊದಲ ತಟ್ಟೆ ಬೆಂದು ಕಸಕ್ಕೆ ಹೋಗಿ ಎಷ್ಟೋ ಹೊತ್ತಾಗಿತ್ತು. ಹುಡುಗ ಸಲೈನಿನ ದಯೆಯಿಂದ ಉಳಿದುಕೊಂಡ. ನನಗೆ ಉತ್ತರ ಸಿಗಲಿಲ್ಲ.

ಅಂದಿನಿಂದ ಒಂದು ಅಭ್ಯಾಸ ಮಾಡಿಕೊಂಡೆ. ಒಳ್ಳೆಯ ಚುಕ್ಕೆ ಆರಿಸಿದ ಮೇಲೆ ಉಳಿದ ತಟ್ಟೆಯನ್ನೆಲ್ಲ ಬಳಿದು, ಚಂದದ್ದು, ಸೊಟ್ಟದ್ದು, ಮಸುಕಾದದ್ದು ಎಲ್ಲ ಸೇರಿಸಿ, ಗ್ಲಿಸರಾಲ್ ಹಾಕಿದ ಪುಟ್ಟ ಶೀಶೆಯಲ್ಲಿ ತುಂಬಿ ಫ್ರೀಜರಿನಲ್ಲಿ ಇಡುವುದು. ಆ ಚಳಿಯಲ್ಲಿ ರೋಗಾಣು ಸಾಯದೆ ವರ್ಷಗಟ್ಟಲೆ ಮಲಗಿರುತ್ತದೆ. ಹಾಗೆ ಇಡಿ ಅಂತ ಯಾರೂ ಹೇಳಿರಲಿಲ್ಲ, ಇಡಬೇಡಿ ಅಂತಲೂ ಹೇಳಿರಲಿಲ್ಲ. ಗೋಪಿನಾಥ್ ಸರ್ ಮುಖ್ಯಸ್ಥರಾಗಿ ಬಂದ ಹೊಸದರಲ್ಲಿ ಫ್ರೀಜರ್ ತೆಗೆದು ನೋಡಿದರು. ಅವರು ವಯಸ್ಸಿನಲ್ಲಿ ನನಗಿಂತ ಚಿಕ್ಕವರು, ಹುದ್ದೆಯಲ್ಲಿ ದೊಡ್ಡವರು.

"ಇದೇನ್ರೀ ಇಷ್ಟೊಂದು?"

"ತಟ್ಟೆ ಬಳಿದಿಟ್ಟಿದ್ದು ಸರ್."

"ಪುಟ್ಟತಾಯಮ್ಮನವರ ಉಪ್ಪಿನಕಾಯಿ ಅನ್ನಿ! ನಮ್ಮಜ್ಜಿ ಅಟ್ಟದ ಮೇಲೂ ಇಷ್ಟು ಜಾಡಿ ಇರಲಿಲ್ಲ." ಜಾಗ ಕಡಿಮೆ ಬಿದ್ದಾಗಲೆಲ್ಲ ಎಸೆಯುತ್ತೇನೆ ಅಂತ ಹೆದರಿಸುತ್ತಿದ್ದರು. ಎಸೆಯಲಿಲ್ಲ. ಹೆಸರು ಮಾತ್ರ ನಿಂತುಹೋಯಿತು, ಉಪ್ಪಿನಕಾಯಿ.

ಇಷ್ಟರಲ್ಲಿ ಕೆಲಸದ ರೀತಿಯೇ ಬದಲಾಯಿತು. ಫ್ರಾನ್ಸಿಸ್ ಅಣ್ಣ ನಿವೃತ್ತರಾದರು. ಗಾಜಿನ ಪಟ್ಟಿಯ ಮೇಲೆ ಹನಿ ಹಾಕಿ ಕಣ್ಣು ಕಿರಿದು ಮಾಡಿ ನೋಡುತ್ತಿದ್ದ ಜಾಗಕ್ಕೆ, ರೋಗಾಣುವಿನ ಒಳಗಿನ ವಂಶದ ಬರಹವನ್ನೇ ಓದುವ ಯಂತ್ರ ಬಂತು. ಅದನ್ನು ಓದಿ ಅರ್ಥ ಹೇಳಲು ಆಯೇಷಾ ಅನ್ನುವ ವಿಜ್ಞಾನಿ ಬಂದಳು. ಚುರುಕು, ಬಾಯಿ ಜೋರು, ಮಧ್ಯಾಹ್ನದ ಡಬ್ಬಿಯಲ್ಲಿ ನನಗೂ ಸೇರಿಸಿ ತರುತ್ತಿದ್ದಳು. ನಿವೃತ್ತಿ ಹತ್ತಿರ ಬಂದ ವಯಸ್ಸಿನಲ್ಲಿ ಅವಳ ಪಕ್ಕ ಕೂತು ಕಲಿತೆ. ಕಷ್ಟ ಆಗಲಿಲ್ಲ. ಕಾರಣ ನನ್ನ ನೋಟ್ಸ್.

ರೋಗಾಣು ಎರಡಾಗುವಾಗ ತನ್ನ ಬರಹವನ್ನು ನಕಲು ಮಾಡಿಕೊಳ್ಳುತ್ತದೆ. ಬರಹದಲ್ಲಿರುವುದು ನಾಲ್ಕೇ ಅಕ್ಷರ, ಆದರೆ ಉದ್ದ ಲಕ್ಷಗಟ್ಟಲೆ. ಅಷ್ಟು ಉದ್ದ ನಕಲು ಮಾಡುವಾಗ ಅಲ್ಲೊಂದು ಇಲ್ಲೊಂದು ತಪ್ಪು ಬೀಳುತ್ತದೆ. ಬಿದ್ದ ತಪ್ಪು ಮಕ್ಕಳು ಮರಿಗಳಿಗೆಲ್ಲ ಹೋಗುತ್ತದೆ. ನಾವು ಕಾಲೇಜಿನಲ್ಲಿ ನೋಟ್ಸ್ ಇಳಿಸಿಕೊಳ್ಳುವಾಗಲೂ ಹೀಗೇ. ಒಬ್ಬಳು ಒಂದು ಸಾಲು ಬಿಟ್ಟಿದ್ದರೆ, ಅವಳದನ್ನು ನೋಡಿ ಬರೆದವರೆಲ್ಲರ ಪುಸ್ತಕದಲ್ಲೂ ಆ ಸಾಲು ಇರುತ್ತಿರಲಿಲ್ಲ. ಯಾರು ಯಾರಿಂದ ಬರೆದುಕೊಂಡರು ಅಂತ ಬಿಟ್ಟ ಸಾಲನ್ನು ನೋಡಿಯೇ ಹೇಳಬಹುದಿತ್ತು. ರೋಗಾಣುವಿನ ನೆಂಟಸ್ತನ ಕಂಡುಹಿಡಿಯುವುದೂ ಹಾಗೇ, ತಪ್ಪುಗಳನ್ನು ಹೋಲಿಸಿ.

ಇನ್ನು ಆ ಬೇಸಿಗೆಗೆ ಬರುತ್ತೇನೆ.

ಊರಿನ ಒಂದು ಅಂಚಿನ ಬೀದಿಯಲ್ಲಿ ಕಾಲರಾ ಕಾಣಿಸಿಕೊಂಡಿತು. ಬೀದಿಯ ಹೆಸರು ಬರೆಯುವುದಿಲ್ಲ, ಅಲ್ಲಿನವರು ಗಂಡು ಹೆಣ್ಣು ನೋಡಲು ಹೋದರೆ ಈಗಲೂ ಅದನ್ನು ಕೇಳಿಸಿಕೊಳ್ಳಬೇಕಾಗುತ್ತದೆ. ಚರಂಡಿಯ ಪಕ್ಕ ಕುಡಿಯುವ ನೀರಿನ ಪೈಪು ಬಿರಿದಿತ್ತು. ಬಂದ ಮಾದರಿಯಲ್ಲೆಲ್ಲ ಒಗಾವಾ. ಹೊಸಬರಿಗೆ ಇದನ್ನು ಬಿಡಿಸಿ ಹೇಳಬೇಕು. ಕಾಲರಾ ರೋಗಾಣುವಿನ ಮೈಮೇಲೆ ಒಂದು ಹೊದಿಕೆ ಇದೆ. ಹೊದಿಕೆಯ ತುದಿಯಲ್ಲಿ ಒಂದು ಪುಟ್ಟ ಟೋಪಿ ಇದ್ದರೆ ಅದನ್ನು ಒಗಾವಾ ಅನ್ನುತ್ತೇವೆ, ಇಲ್ಲದಿದ್ದರೆ ಇನಾಬಾ. ರೋಗ ಒಂದೇ, ಚಿಕಿತ್ಸೆ ಒಂದೇ. ಟೋಪಿಯ ಗುರುತು ಹಿಡಿಯುವ ಒಗಾವಾ ಸೀರಂ ಅನ್ನುವ ದ್ರವ ಒಂದು ಹನಿ ಬೆರೆಸಿದರೆ ಟೋಪಿ ಇರುವುದು ಹಾಲು ಒಡೆದ ಹಾಗೆ ಕಣ ಕಣ ಆಗುತ್ತದೆ. ಟೋಪಿ ಇಲ್ಲದ್ದು ಆ ಹನಿಗೆ ಸುಮ್ಮನಿದ್ದು, ಇನಾಬಾ ಸೀರಂಗೆ ಒಡೆಯುತ್ತದೆ.

ಪೈಪು ರಿಪೇರಿ ಆಯಿತು, ರೋಗ ಇಳಿಯಿತು. ನಿಟ್ಟುಸಿರು ಬಿಡುವಷ್ಟರಲ್ಲಿ ಅದೇ ಬೀದಿಯ ಕೆಳಭಾಗದಲ್ಲಿ ಮತ್ತೆ ಎದ್ದಿತು. ಈಗ ಒಗಾವಾ ಹನಿಗೆ ಒಡೆಯಲಿಲ್ಲ, ಇನಾಬಾ ಹನಿಗೆ ಒಡೆಯಿತು. ಒಂದಾದ ಮೇಲೆ ಒಂದು, ಎಲ್ಲವೂ ಇನಾಬಾ.

ಆ ಕೆಳಭಾಗದಲ್ಲಿ ಗೌರಮ್ಮ ಅನ್ನುವವಳ ಮುದ್ದೆ ಹೋಟೆಲ್. ಮಧ್ಯಾಹ್ನಕ್ಕೆ ಮುದ್ದೆ, ಬಸ್ಸಾರು, ಬೇಸಿಗೆಯಲ್ಲಿ ಮಜ್ಜಿಗೆ. ರೋಗ ಜೋರಾಗಿದ್ದಾಗ ಅವಳು ತವರಿನಲ್ಲಿದ್ದಳು, ಅಣ್ಣನ ಮಗುವಿನ ನಾಮಕರಣಕ್ಕೆ ಅಂತ. ಪೈಪು ರಿಪೇರಿ ಆದ ಮೇಲೆ ವಾಪಸು ಬಂದು ಅಂಗಡಿ ತೆಗೆದಳು. ಅವಳ ತವರೂರಿನಲ್ಲೂ ಆಗ ವಾಂತಿಭೇದಿ ಇತ್ತು. ಅಂಗಡಿ ತೆಗೆದ ಮೇಲೇ ಎರಡನೆಯ ಸಲ ರೋಗ ಎದ್ದಿದ್ದು. ಬಿದ್ದವರಲ್ಲಿ ಬಹಳ ಜನ ಅವಳ ಮಜ್ಜಿಗೆ ಕುಡಿದವರು. ಅವಳ ಮೈದುನ ಮಂಜನೂ ಬಿದ್ದ, ಕೈಕಾಲು ಸೆಟೆದು ಆಸ್ಪತ್ರೆಯ ಮಂಚದಲ್ಲಿ ಒಣಗಿದ ಎಲೆಯ ಹಾಗೆ ಮಲಗಿದ್ದ. ಗೌರಮ್ಮನ ಮಲ ಪರೀಕ್ಷೆ ಮಾಡಿದೆವು. ಅವಳಿಗೆ ಕಾಯಿಲೆಯ ಲಕ್ಷಣ ಒಂದೂ ಇಲ್ಲ, ಹೊಟ್ಟೆಯಲ್ಲಿ ಇನಾಬಾ ಇದೆ.

ಗೋಪಿನಾಥ್ ಸರ್ ಹೇಳಿದರು: "ಮೊದಲನೆಯದು ಪೈಪಿನದು, ಮುಗೀತು. ಎರಡನೆಯದು ಬೇರೆ ರೋಗಾಣು, ಹೊರಗಿಂದ ಬಂದಿದೆ. ಯಾರ ಮೂಲಕ ಅಂತ ಕಣ್ಣೆದುರೇ ಇದೆ." ಅಂಗಡಿಗೆ ಬೀಗ ಬಿತ್ತು. ಅವರ ಕಡೆಯಿಂದ ನೋಡಿದರೆ ಅದು ಸರಿಯೇ. ಇದ್ದ ಪುರಾವೆಗೆ ಯಾರಾದರೂ ಹಾಗೇ ಹೇಳುತ್ತಿದ್ದರು.

ಮತ್ತೆ ಮಾದರಿ ತರಲು ನಾನೇ ಆ ಮನೆಗೆ ಹೋದೆ. ಬಾಗಿಲಲ್ಲೇ ಎರಡು ಬಿಂದಿಗೆ. ಒಂದರ ಮೇಲೆ ಹಿತ್ತಾಳೆ ತಟ್ಟೆ, ಇನ್ನೊಂದು ಪ್ಲಾಸ್ಟಿಕ್ಕಿನದು, ದೂರ, ಮೂಲೆಯಲ್ಲಿ. ಗೌರಮ್ಮನ ಅತ್ತೆ ಸಾಕಮ್ಮ ಜಗಲಿಯ ಮೇಲೆ ಕೂತಿದ್ದರು.

"ಏನ್ ನೋಡ್ತೀರವ್ವ, ನೋಡ್ಕಳಿ. ತವರಿಂದ ಎಲ್ರೂ ಹೂವು ಹಣ್ಣು ತರ್ತಾರೆ, ನನ್ ಸೊಸೆ ಕಾಲರಾ ತಂದ್ಬುಟ್ಲು. ನನ್ ಮಗ ಅಲ್ಲಿ ಸಾಯಾಕ್ ಬಿದ್ದವ್ನೆ. ಇನ್ ಇವ್ಳ ಕೈನೀರು ನಾನು ಕುಡಿಯೋದು ಆಗದ ಮಾತು."

ಗೌರಮ್ಮ ಒಳಗಿಂದ ಬಂದು ನನಗೆ ಮಣೆ ಹಾಕಿದಳು. ನೀರು ಬೇಕಾ ಅಂತ ಕೇಳಲು ಬಾಯಿ ತೆರೆದವಳು, ಹಾಗೇ ಮುಚ್ಚಿಕೊಂಡಳು. ಡಬ್ಬಿ ಕೊಡುವಾಗ ಮೆಲ್ಲಗೆ ಅಂದಳು: "ಅಂಗ್ಡಿ ಹೋದ್ರೆ ಹೋಗ್ಲಿ ಮೇಡಂ. ಮನೇಲಿ ನಾನು ಮುಟ್ಟಿದ್ ಲೋಟನ ಬೂದಿ ಹಾಕಿ ತೊಳೀತಾರೆ. ನಾನೇನಾ ತಂದಿದ್ದು? ನಿಮ್ ಮಿಷನ್ನು ಹೇಳಲ್ವಾ?"

ಅವ್ವನ ಮೊಣಕೈಯಿಂದ ಸೋರುತ್ತಿದ್ದ ನೀರು ನೆನಪಾಯಿತು. ಆದರೆ ನೆನಪು ಪುರಾವೆ ಅಲ್ಲ. "ಮಿಷನ್ ಸುಳ್ಳು ಹೇಳಲ್ಲ ಕಣಮ್ಮ. ನೀನೇ ಅಂದ್ರೆ ನೀನೇ ಅಂತೀನಿ, ಅಲ್ಲ ಅಂದ್ರೆ ಅಲ್ಲ ಅಂತೀನಿ," ಅಂದೆ. ತಲೆ ಆಡಿಸಿದಳು.

ಆಯೇಷಾ ಓದಿದಳು. ಮೊದಲ ಸಲದ ಒಗಾವಾ, ಎರಡನೆಯ ಸಲದ ಇನಾಬಾ, ಎರಡನ್ನೂ ಪಕ್ಕ ಪಕ್ಕ ಇಟ್ಟಳು. ಕಂಪ್ಯೂಟರ್ ಮುಂದಿಂದಲೇ ಕೂಗಿದಳು: "ಮೇಡಂ, ಬನ್ನಿ ಇಲ್ಲಿ! ಇವೆರಡೂ ತಾಯಿ ಮಕ್ಕಳ ಥರ ಇವೆ. ಪೂರ್ತಿ ಬರಹ ಹೆಚ್ಚೂ ಕಮ್ಮಿ ಒಂದೇ. ಟೋಪಿ ಹೊಲಿಯೋ ಜೀನ್ ಇದೆಯಲ್ಲ, ಅದರಲ್ಲಿ ಒಂದು ಅಕ್ಷರ ಬಿಟ್ಟುಹೋಗಿದೆ. ದರ್ಜಿ ಸತ್ತಿದಾನೆ, ಅದಕ್ಕೇ ಟೋಪಿ ಇಲ್ಲ!"

ಹೊರಗಿಂದ ಇನ್ನೊಂದು ರೋಗಾಣು ಬಂದದ್ದಲ್ಲ, ಬೀದಿಯದೇ ರೋಗಾಣು ಟೋಪಿ ಕಳೆದುಕೊಂಡಿದೆ ಅನ್ನುವುದು ಅವಳ ಓದು. ಯಾಕೆ ಕಳೆದುಕೊಂಡಿತು ಅಂದರೆ, ಬೇಕು ಅಂತ ಅಲ್ಲ. ನಕಲು ಮಾಡುವಾಗ ತಪ್ಪಿ ಒಂದು ಅಕ್ಷರ ಬಿಟ್ಟುಹೋಯಿತು. ಬೇರೆ ಕಾಲದಲ್ಲಾಗಿದ್ದರೆ ಹಾಗೆ ಹುಟ್ಟಿದ್ದು ಗುಂಪಿನಲ್ಲಿ ಕಾಣೆಯಾಗುತ್ತಿತ್ತು. ಆದರೆ ಆ ಬೀದಿಯ ಜನ ಆಗಲೇ ಒಂದು ಸುತ್ತು ರೋಗ ಕಂಡಿದ್ದರು, ಕಾಯಿಲೆ ಬೀಳದವರ ಹೊಟ್ಟೆಗೂ ಅದು ಹೋಗಿ ಬಂದಿತ್ತು. ಅವರ ಮೈ ಟೋಪಿಯ ಗುರುತು ಹಿಡಿದಿತ್ತು. ಟೋಪಿ ಇದ್ದವು ಸಿಕ್ಕಿಬಿದ್ದವು, ಬರಿದಲೆಯವು ತಪ್ಪಿಸಿಕೊಂಡು ಬೆಳೆದವು. ಒಂದು ಸಾಂಕ್ರಾಮಿಕದ ಒಳಗೇ ರೋಗಾಣು ವಿಕಾಸ ಆಗುವುದು ಹೀಗೆ. ಪುಸ್ತಕದಲ್ಲಿ ಓದಿದ್ದೆ, ಕಣ್ಣಾರೆ ಕಂಡದ್ದು ಅವತ್ತು.

ಗೋಪಿನಾಥ್ ಸರ್ ಒಪ್ಪಲಿಲ್ಲ. ಆಗದ ಮಾತು ಅಂದದ್ದು ಆಗಲೇ. "ಹತ್ತಿರದ ನೆಂಟರು ಅಂತ ಮಾತ್ರ ಆಯ್ತು. ಅವಳ ತವರಿನದ್ದೂ ಇದೇ ವಂಶ ಇರಬಹುದಲ್ಲ? ಟೋಪಿ ಅಲ್ಲೇ ಕಳೆದುಕೊಂಡು ಆಮೇಲೆ ಇಲ್ಲಿಗೆ ಬಂದಿರಬಹುದಲ್ಲ? ಅವಳು ಬರೋಕೆ ಮುಂಚೆ ಈ ಬೀದೀಲಿ ಇನಾಬಾ ಇತ್ತು ಅಂತ ತೋರಿಸ್ತೀರಾ?"

ಮೊದಲ ಸುತ್ತಿನಲ್ಲಿ ಆರಿಸಿದ ಚುಕ್ಕೆಗಳೆಲ್ಲ ಒಗಾವಾ. ತಟ್ಟೆಗಳು ಕಸಕ್ಕೆ ಹೋಗಿದ್ದವು. ಆದರೆ ಉಪ್ಪಿನಕಾಯಿ ಇತ್ತು.

ಮೊದಲ ಸುತ್ತಿನ ಶೀಶೆಗಳನ್ನು ತೆಗೆದು ಒಂದೊಂದನ್ನೂ ಮತ್ತೆ ಹಸಿರು ತಟ್ಟೆಗೆ ಗೀರಿದೆ. ಈ ಸಲ ಸುಂದರಿಯನ್ನು ಆರಿಸಲಿಲ್ಲ. ಎದ್ದ ಚುಕ್ಕೆಗಳನ್ನು ಒಂದಾದ ಮೇಲೆ ಒಂದು ಸೀರಂ ಹನಿಗೆ ಹಾಕುತ್ತಾ ಹೋದೆ. ಕಣ್ಣು ಉರಿಯಿತು. ಆಯೇಷಾ, "ಮೇಡಂ, ಊಟ," ಅನ್ನುತ್ತಿದ್ದಳು, ನಾನು ಹೂಂ ಅನ್ನುತ್ತಿದ್ದೆ. ಒಡೆಯಿತು, ಒಡೆಯಿತು, ಒಡೆಯಿತು. ಬಸವಯ್ಯ ಅನ್ನುವವರ ಶೀಶೆಗೆ ಬಂದೆ. ನಿವೃತ್ತ ಬಸ್ ಕಂಡಕ್ಟರು, ಸೊಂಟ ಮುರಿದು ಮಂಚ ಬಿಟ್ಟು ಏಳದವರು, ಮನೆಯ ಊಟ ಬಿಟ್ಟು ಬೇರೆ ಕಾಣದವರು. ಅವರಿಂದ ಮಾದರಿ ತೆಗೆದ ವಾರ ಗೌರಮ್ಮ ತವರಿನಲ್ಲಿದ್ದಳು. ಒಡೆಯಿತು, ಒಡೆಯಿತು. ಆಮೇಲೆ ಒಂದು ಹನಿ ಒಡೆಯಲಿಲ್ಲ. ಗಾಜು ಅಲ್ಲಾಡಿಸಿದೆ. ಹಾಲಿನ ಹಾಗೆ ನಯವಾಗಿ ಹಾಗೇ ನಿಂತಿತ್ತು. ಇನಾಬಾ ಹನಿ ಹಾಕಿದೆ. ತಕ್ಷಣ ಕಣ ಕಣ.

"ಆಯೇಷಾ, ಸಿಕ್ಕಿತು ಕಣೇ," ಅಂದೆ. ಅವಳು ಡಬ್ಬಿ ಅಲ್ಲೇ ಬಿಟ್ಟು ಓಡಿ ಬಂದಳು. ಓದಿ ನೋಡಿದರೆ, ಬಿಟ್ಟುಹೋದದ್ದು ಅದೇ ಜಾಗದ ಅದೇ ಅಕ್ಷರ.

ಗೋಪಿನಾಥ್ ಸರ್ ಗಾಜಿನ ಪಟ್ಟಿಯನ್ನು ಬಹಳ ಹೊತ್ತು ನೋಡಿದರು. "ಒಂದು ಶೀಶೆ ಸಾಲದು. ನಿಮ್ಮ ಉಪ್ಪಿನಕಾಯಿಗೆ ಆಮೇಲೆ ಬೂಷ್ಟು ಹಿಡಿದಿರಬಹುದು. ಅಂದರೆ ಲ್ಯಾಬಿನಲ್ಲೇ ಎರಡನೆಯ ಸುತ್ತಿನದು ಇದರೊಳಗೆ ಬೆರೆತಿರಬಹುದು."

ಕೋಪ ಬಂತು. ಆದರೆ ಅವರು ಕೇಳಿದ್ದು ನಾನೇ ಕೇಳಬೇಕಿದ್ದ ಪ್ರಶ್ನೆ. "ಮತ್ತೇನು ಬೇಕು ಹೇಳಿ ಸರ್."

"ಇನ್ನೊಂದು ಶೀಶೆ. ಮತ್ತೆ ಅವಳ ತವರಿನ ರೋಗಾಣು. ಅದನ್ನ ನಾನೇ ಹೋಗಿ ತರ್ತೀನಿ." ಮಾತಿಗೆ ಹೇಳಿದ್ದಲ್ಲ. ಮಾರನೆಯ ದಿನವೇ ಬಿಸಿಲಲ್ಲಿ ಜೀಪು ಹತ್ತಿ ಅವಳ ತವರಿನ ತಾಲೂಕು ಆಸ್ಪತ್ರೆಗೆ ಹೋಗಿ ಬಂದರು. ತಮ್ಮ ಮಾತು ಸುಳ್ಳಾಗಬಹುದಾದ ಸಾಮಾನನ್ನು ತಾವೇ ಹೊತ್ತು ತರುವ ಮೇಲಧಿಕಾರಿ, ಇದನ್ನೇ ನಾನು ಪುಣ್ಯ ಅಂದದ್ದು.

ಇನ್ನೊಂದು ಶೀಶೆ ಸಿಕ್ಕಿತು. ಬಸವಯ್ಯನವರ ಪಕ್ಕದ ಮನೆಯ ಹೆಂಗಸಿನದು, ಅದರಲ್ಲೂ ಬರಿದಲೆಯವು ಕೆಲವು. ಅದೇ ಅಕ್ಷರ.

ತವರಿನ ಮಾದರಿಯನ್ನು ನಾನೇ ಹನಿಗೆ ಹಾಕಿದೆ. ಒಗಾವಾಗೆ ಒಡೆಯಲಿಲ್ಲ. ಇನಾಬಾ. ಗೋಪಿನಾಥ್ ಸರ್ ಕನ್ನಡಕ ತೆಗೆದು ಒರೆಸಿಕೊಂಡರು. ಅಲ್ಲೂ ಇನಾಬಾ ಅಂದರೆ ಗೌರಮ್ಮನ ಕಥೆ ಮುಗಿದ ಹಾಗೇ. ಯಂತ್ರ ಓದಿ ಮುಗಿಸುವವರೆಗೆ ಮೂವರೂ ಅದರ ಮುಂದೆ, ಹೆರಿಗೆ ವಾರ್ಡಿನ ಹೊರಗೆ ಕೂತವರ ಹಾಗೆ ಕೂತೆವು.

ಆಯೇಷಾ ಪರದೆಗೆ ಮೂಗು ತಾಗಿಸಿ ನೋಡಿದಳು. "ಸರ್, ಇಲ್ಲಿ ದರ್ಜಿ ಸತ್ತಿರೋದು ಬೇರೆ ಜಾಗದಲ್ಲಿ. ನಮ್ಮ ಬೀದಿಯದರಲ್ಲಿ ಅಕ್ಷರ ಬಿಟ್ಟಿರೋದು ಜೀನಿನ ಶುರುವಿನಲ್ಲಿ. ಇದರಲ್ಲಿ ಶುರುವೆಲ್ಲ ಸರಿಯಾಗಿದೆ, ಕೊನೆ ಭಾಗ ಹರಿದಿದೆ. ಉಳಿದ ಬರಹದಲ್ಲೂ ಸುಮಾರು ಕಡೆ ವ್ಯತ್ಯಾಸ ಇದೆ. ಇದು ದೂರದ ನೆಂಟ, ಅಷ್ಟೆ. ಗೌರಮ್ಮನ ಹೊಟ್ಟೆಯಲ್ಲಿರೋದು ನಮ್ಮ ಬೀದಿಯದೇ."

ಗೋಪಿನಾಥ್ ಸರ್ ತಾವೂ ಬಗ್ಗಿ ಓದಿದರು. ಎರಡು ಸಲ ಓದಿದರು. ಆಮೇಲೆ ನನ್ನ ಕಡೆ ತಿರುಗಿ, "ಅವಳು ತರಲಿಲ್ಲ. ಬಂದ ಮೇಲೆ ಅವಳಿಗೂ ಹತ್ತಿದೆ. ಹಾಗಾದ್ರೆ ರೋಗ ಇನ್ನೂ ಆ ಬೀದಿಯ ನೀರಲ್ಲೇ ಇದೆ ಪುಟ್ಟತಾಯಮ್ಮನವರೇ. ಪೈಪು ಇನ್ನೊಂದು ಕಡೆ ಒಡೆದಿದೆ!" ಅಂತ ಅಲ್ಲಿಂದಲೇ ಫೋನ್ ಹಚ್ಚಿದರು.

ಇದನ್ನು ಹೊಸಬರು ಗಟ್ಟಿಯಾಗಿ ಹಿಡಿದುಕೊಳ್ಳಬೇಕು. ತಪ್ಪನ್ನು ಒಬ್ಬ ಹೆಂಗಸಿನ ತಲೆಗೆ ಕಟ್ಟಿ ಸುಮ್ಮನಾಗಿದ್ದರೆ ನೆಲ ಅಗೆಯುವ ಯೋಚನೆ ಯಾರಿಗೂ ಬರುತ್ತಿರಲಿಲ್ಲ. ಅಗೆದರು. ಗೌರಮ್ಮನ ಅಂಗಡಿಯ ಮುಂದಿನ ಮೋರಿಯ ಅಡಿಯಲ್ಲೇ ಎರಡನೆಯ ಬಿರುಕು. 'ಮಜ್ಜಿಗೆ ಕುಡಿದವರು' ಅಂತ ನಾವು ಅಂದುಕೊಂಡವರೆಲ್ಲ ಆ ಬಿರುಕಿನ ನೀರು ಕುಡಿದವರು. ಅದನ್ನು ಮುಚ್ಚಿದ ಮೇಲೆ ಬೀದಿ ತಣ್ಣಗಾಯಿತು. ಮಂಜ ಎದ್ದು ಕೂತು ಗಂಜಿ ಬೇಡ ಅನ್ನ ಬೇಕು ಅಂತ ನರ್ಸಿನ ಹತ್ತಿರ ಜಗಳ ಆಡಿದ ಅಂತ ಸುದ್ದಿ ಬಂತು.

ಗೌರಮ್ಮನ ಮಲದಲ್ಲಿ ರೋಗಾಣು ಪೂರಾ ಹೋಯಿತು ಅಂತ ಖಾತ್ರಿ ಆದ ಮೇಲೆ ಪ್ರಮಾಣಪತ್ರ ತಯಾರಾಯಿತು. ಅದನ್ನು ಅಂಚೆಯಲ್ಲಿ ಕಳಿಸುವುದು ವಾಡಿಕೆ. ಗೋಪಿನಾಥ್ ಸರ್ ಬೇಡ ಅಂದರು. "ಬೀಗ ಹಾಕಿಸಿದ್ದು ನಾನು. ಕಾಗದ ನಾನೇ ಕೊಡ್ತೀನಿ. ನೀವೂ ಬನ್ನಿ."

ಹೋದೆವು. ಮಧ್ಯಾಹ್ನದ ಬಿಸಿಲು. ಮುಚ್ಚಿದ ಅಂಗಡಿಯ ಪಕ್ಕದಲ್ಲೇ ಮನೆ. ಸಾಕಮ್ಮ ಜಗಲಿಯ ಮೇಲೆ, ಮಂಜ ಅವರ ಪಕ್ಕದಲ್ಲಿ ಬಡಕಲಾಗಿ. ಬಾಗಿಲಲ್ಲಿ ಎರಡು ಬಿಂದಿಗೆ ಹಾಗೇ ಇದ್ದವು, ಹಿತ್ತಾಳೆ ತಟ್ಟೆಯದು ಹತ್ತಿರ, ಪ್ಲಾಸ್ಟಿಕ್ಕಿನದು ದೂರ. ಗೌರಮ್ಮ ಹೊಸ್ತಿಲ ಒಳಗೆ ನಿಂತಿದ್ದಳು. ಅಕ್ಕಪಕ್ಕದವರು ಒಬ್ಬೊಬ್ಬರಾಗಿ ಬಂದು ಸೇರಿದರು.

ಗೋಪಿನಾಥ್ ಸರ್ ಕಾಗದವನ್ನು ಗಟ್ಟಿಯಾಗಿ ಓದಿದರು. ಇವರಲ್ಲಿ ಕಂಡ ರೋಗಾಣು ಇದೇ ಬೀದಿಯಲ್ಲಿ ಬದಲಾಗಿ ಬೆಳೆದದ್ದು, ಇವರ ಬರವಿಗೆ ಮುಂಚೆಯೇ ಇಲ್ಲಿತ್ತು, ಹೊರಗಿನಿಂದ ಇವರು ತಂದದ್ದಲ್ಲ, ಈಗ ಇವರಲ್ಲಿ ಸೋಂಕಿಲ್ಲ, ಅಂಗಡಿ ತೆರೆಯಬಹುದು.

ಸಾಕಮ್ಮ ಕಣ್ಣು ಕಿರಿದು ಮಾಡಿದರು. "ಅಂಗಾರೆ ಇವ್ಳು ತಂದಿದ್ದಲ್ವಾ ಸ್ವಾಮಿ?"

"ಅಲ್ಲ ತಾಯಿ. ಮೊದ್ಲು ಹಂಗಂದೋನು ನಾನೇ. ಅಲ್ಲ ಅಂತ ಈಗ ನಾನೇ ರುಜು ಹಾಕಿದೀನಿ."

"ಮತ್ತೆ ಅದೆಂಗ್ ಬದಲಾಯ್ತು, ಇಲ್ಲೇ ಇದ್ದು?"

ಗೋಪಿನಾಥ್ ಸರ್ ನನ್ನ ಮುಖ ನೋಡಿದರು. ನಾನು ಹೇಳಿದೆ: "ನಾವೂ ಬದಲಾಗ್ತೀವಲ್ಲವ್ವ, ಇದ್ದಲ್ಲೇ ಇದ್ದು. ಅದೂ ಹಂಗೇ."

ಮಂಜ ಕಿಸಕ್ಕನೆ ನಕ್ಕ. ಸಾಕಮ್ಮ ಅವನ ಬೆನ್ನಿಗೆ ಒಂದು ಗುದ್ದು ಕೊಟ್ಟರು. ಗೋಪಿನಾಥ್ ಸರ್ ಮೆಟ್ಟಿಲು ಹತ್ತಿ ಕಾಗದವನ್ನು ಎರಡೂ ಕೈಯಲ್ಲಿ ಹಿಡಿದು ಗೌರಮ್ಮನಿಗೆ ಕೊಟ್ಟರು. ಅವಳು ಕೈ ಸೆರಗಿಗೆ ಒರೆಸಿಕೊಂಡು ತೆಗೆದುಕೊಂಡಳು, ಓದಲಿಲ್ಲ, ಎದೆಗೆ ಒತ್ತಿಕೊಂಡು ನಿಂತಳು. ಎಲ್ಲರೂ ನೋಡುತ್ತಿದ್ದದ್ದು ಸಾಕಮ್ಮನನ್ನು.

ಸಾಕಮ್ಮ ಸೆರಗಿನಿಂದ ಮುಖ ಒರೆಸಿಕೊಂಡು ಎದ್ದರು. ಮೂಲೆಯಲ್ಲಿದ್ದ ಪ್ಲಾಸ್ಟಿಕ್ ಬಿಂದಿಗೆಯನ್ನು ಎತ್ತಿ ಅದರ ನೀರನ್ನು ಗಿಡಕ್ಕೆ ಚೆಲ್ಲಿ, ಖಾಲಿ ಬಿಂದಿಗೆಯನ್ನು ಮಗ್ಗುಲಾಗಿ ಉರುಳಿಸಿಬಿಟ್ಟು ಸೊಸೆಯ ಕಡೆ ತಿರುಗಿದರು.

"ಏ ಗೌರಿ, ಕಾಗ್ದ ಇಟ್ಕಂಡು ನಿಂತ್ಬುಟ್ಟಲ್ಲ, ಬಿಸ್ಲಲ್ಲಿ ಬಂದವ್ರೆ, ಕಾಣಾಕಿಲ್ವಾ? ಒಳಗೋಗಿ ಮಜ್ಜಿಗೆ ಮಾಡು. ಕಾಯ್ಸಿ ಆರ್ಸಿದ್ ನೀರಲ್ಲೇ ಮಾಡು, ಇಲ್ದಿದ್ರೆ ಇವ್ರು ಬಯ್ತಾರೆ. ನಂಗೂ ಒಂದ್ ಲೋಟ ತಾ. ಉಪ್ಪು ಸರ್ಯಾಗಿ ಹಾಕು, ನೀನು ಯಾವತ್ತೂ ಕಮ್ಮಿನೇ ಹಾಕೋದು."